ಮಾವನ ಮುಯ್ಯಾಳೂ ಮೊದಲನೇ ಪುಟವೂ

ಇಂಟರ್ನೆಟ್ಟನ್ನು ಕೆಂಪು ಬಸ್ಸಿನಲ್ಲಿ ಸುತ್ತಿ ಮುಗಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರು ನನ್ನ ಸೋದರಮಾವ! ನಗಬೇಡಿ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಸಾತನೂರಿನಿಂದ ಕನಕಪುರಕ್ಕೆ ಬರುವ ಯಾವ ಬಸ್ಸನ್ನಾದರೂ ಹತ್ತಿ ಕಂಡಕ್ಟರನ್ನು ಕೇಳಿ. "ಓ, ಎಲ್ಲಾರ ತಾವ್ಲೂ ಫೋನ್ ಇಸ್ಕೊಳೋ ಯಜಮಾನ್ರಾ?" ಎಂದು ಆತ ಟಿಕೆಟ್ ಕೊಡುವುದನ್ನು ಬಿಟ್ಟು ನಗುತ್ತಾನೆ. ಯಾಕೆ ನಗುತ್ತಾನೆ ಎಂದು ಹೇಳುವುದಕ್ಕೇ ನಾನೀಗ ಕೂತಿರುವುದು.

ಮಾವನ ಊರು ಸಾತನೂರಿನಿಂದ ಸ್ವಲ್ಪ ಒಳಗೆ. ಕಸುಬು, ಚಂದ್ರಿಕೆ ಬಾಡಿಗೆಗೆ ಕೊಡುವುದು. ಚಂದ್ರಿಕೆ ಗೊತ್ತಲ್ಲ? ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಸುತ್ತಿದ ಬಿದಿರಿನ ಪಟ್ಟಿ. ರೇಷ್ಮೆಹುಳ ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದಾಗ ಒಂದೊಂದನ್ನೇ ಆರಿಸಿ ಇದರ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಒಂದು ಬೆಳೆಗೆ ಚಂದ್ರಿಕೆ ಬೇಕಾಗುವುದು ನಾಲ್ಕೈದು ದಿನ ಮಾತ್ರ. ಅಷ್ಟಕ್ಕೆ ಯಾರು ಕೊಳ್ಳುತ್ತಾರೆ? ಬಾಡಿಗೆಗೆ ತರುತ್ತಾರೆ. ಆದರೆ ಹುಳ ಹಣ್ಣಾಗುವುದಕ್ಕೆ ಮುಹೂರ್ತ ಕೇಳುವುದಿಲ್ಲ ನೋಡಿ. ಆ ಹೊತ್ತಿಗೆ ಚಂದ್ರಿಕೆ ಸಿಗದಿದ್ದರೆ ಒಂದು ತಿಂಗಳ ದುಡಿಮೆ ನೆಲದ ಪಾಲು. ಹಾಗಾಗಿ ಸುತ್ತ ಹದಿನೈದು ಊರಿನ ಕೂಸುಕಂದಮ್ಮಗಳಿಗೂ ಮಾವನ ಮನೆ ಗೊತ್ತು.

ಇಂಥವರಿಗೆ ವೆಬ್‌ಸೈಟ್ ಯಾಕೆ? ಅದನ್ನು ನಾನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ ನನಗೆ ಗಿರಾಕಿ ಬೇಕಿತ್ತು!

ಬಿಡದಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಎರಡು ವರ್ಷ ಕಂಪ್ಯೂಟರಿನ ಕೀಲಿ ಒತ್ತಿ ಬೇಸತ್ತು, ಕೆಲಸ ಬಿಟ್ಟು, ಕನಕಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಕೋಣೆ ಹಿಡಿದಿದ್ದೆ. 'ಸಣ್ಣ ವ್ಯಾಪಾರಗಳಿಗೆ ವೆಬ್‌ಸೈಟ್, ಆನ್‌ಲೈನ್ ಪ್ರಚಾರ' ಎಂದು ಬೋರ್ಡು. ಅಪ್ಪ ನಿವೃತ್ತ ಮೇಷ್ಟ್ರು. ಬೋರ್ಡನ್ನು ಎರಡು ಸಲ ಓದಿ, ತಪ್ಪು ಸಿಗದೆ ಬೇಜಾರಾಗಿ, ಷರತ್ತು ಹಾಕಿದರು: "ಯುಗಾದಿವರೆಗೆ ನೋಡ್ತೀನಿ. ಅಷ್ಟರೊಳಗೆ ಹತ್ತು ಗಿರಾಕಿ ಆದರೆ ನಿನ್ನ ದಾರಿ ನಿನಗೆ. ಆಗದಿದ್ದರೆ ಬಾಗಿಲು ಹಾಕಿ ಬಿ.ಎಡ್.ಗೆ ಸೇರ್ಕೋ." ಬಿ.ಎಡ್. ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಈಗಾಗಲೇ ಒಬ್ಬ ಮೇಷ್ಟ್ರಿದ್ದಾರೆ, ಸಾಕು!

ದಸರಾಕ್ಕೆ ಅಂಗಡಿ ತೆರೆದೆ. ದೀಪಾವಳಿಯವರೆಗೆ ಮೆಟ್ಟಿಲು ಹತ್ತಿ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಜೆರಾಕ್ಸ್ ಆಯ್ತದಾ?" ಒಬ್ಬ ಯಜಮಾನರಂತೂ ನೇರವಾಗಿ ಬಂದು ಗೋಡೆಗೆ ಬೆನ್ನು ಕೊಟ್ಟು, ಕೂದಲು ನೀವಿಕೊಂಡು, ಪಾಸ್‌ಪೋರ್ಟ್ ಫೋಟೋಗೆ ಮುಖ ಗಂಭೀರ ಮಾಡಿ ನಿಂತುಬಿಟ್ಟರು. ಇಲ್ಲಿ ಫೋಟೋ ತೆಗೆಯುವುದಿಲ್ಲ ಎಂದರೆ, "ಮತ್ತೆ ಯಾಕಮ್ಮ ಅಂಗ್ಡಿ ಮಡಗಿದ್ದೀಯ?" ಎಂದು ನನ್ನನ್ನೇ ಗದರಿ ಇಳಿದುಹೋದರು. ಅಪ್ಪ ದಿನಾ ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಿದ್ದರು, "ಎಷ್ಟಾಯ್ತು?" ನಾನು ಸಾರು ಬಡಿಸಿಕೊಳ್ಳುತ್ತಿದ್ದೆ.

ಇಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಮಾವ ಹುರುಳಿ ತುಂಬಿದ ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದರು. ಚೀಲ ಮೇಜಿನ ಮೇಲೆ ಕುಕ್ಕಿ, "ಏನಮ್ಮಿ, ನಂಗೊಂದು ವೆಬ್‌ಸೈಟ್ ಬೇಕು. ಒಸಿ ಗಟ್ಟಿಯಾಗಿರದು ಮಾಡು" ಎಂದರು. ಕಬ್ಬಿಣದ ಗೇಟು ಮಾಡಿಸಲು ಬಂದ ಹಾಗೆ!

ಮಾಡಲು ಕೂತ ಮೇಲೆ ಗೊತ್ತಾಯಿತು, ನನ್ನ ಮೊದಲ ಗಿರಾಕಿ ಎಂಥವರೆಂದು. ನಿಮ್ಮ ಫೋಟೋ ಕೊಡಿ ಎಂದರೆ, "ನನ್ ಮೊಕ ಏನ್ ಬಾಡ್ಗೆಗೆ ಕೊಡ್ತೀನಾ?" ಎಂದು ಚಂದ್ರಿಕೆಗಳ ಫೋಟೋ ತೆಗೆಸಿದರು. ಒಂದಲ್ಲ, ಎರಡಲ್ಲ, ಇದ್ದಬದ್ದ ಅಷ್ಟೂ ಚಂದ್ರಿಕೆಗಳದ್ದು! ಒಂದನ್ನು ಬಿಟ್ಟು ಒಂದರ ಫೋಟೋ ಹಾಕಿದರೆ ಉಳಿದವಕ್ಕೆ ಅವಮಾನವಂತೆ. ಆಮೇಲೆ, ಯಾರಿಗೆಲ್ಲ ಚಂದ್ರಿಕೆ ಕೊಡುವುದಿಲ್ಲ ಎಂದು ಹನ್ನೊಂದು ಜನರ ಹೆಸರು, ಅವರಪ್ಪಂದಿರ ಹೆಸರು, ಕಾರಣದ ಸಮೇತ ಬರೆಸಲು ಹೊರಟರು. ಅದನ್ನು ತಡೆಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

"ಫೋನ್ ನಂಬರ್ ಹೇಳಿ ಮಾವ."

"ನಂಬರ್ ಬ್ಯಾಡ."

"ನಂಬರ್ ಇಲ್ಲದೆ ಗಿರಾಕಿ ಹೆಂಗೆ ಬರ್ತಾರೆ?"

"ಫೋನ್ ಮಾಡೋನು ಸೋಂಬೇರಿ ಕಣಮ್ಮಿ. ನಿಜವಾಗ್ಲೂ ಹುಳ ಹಣ್ಣಾಗಿರೋನು ಓಡ್ ಬತ್ತಾನೆ. ಬಸ್ ಇಳಿದು ಅರಳೀಕಟ್ಟೆ ತಾವು ಯಾರ್ನಾದ್ರೂ ಕೇಳಿ ಅಂತ ಬರಿ."

ಬರೆದೆ. ಫೋನ್ ನಂಬರಿಲ್ಲದ, ಮಾಲೀಕರ ಮುಖವಿಲ್ಲದ, ಆದರೆ ನೂರಾರು ಚಂದ್ರಿಕೆಗಳು ಸಾಲಾಗಿ ನಿಂತ ಪುಟವೊಂದು ಲೋಕಾರ್ಪಣೆಯಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ನೆಮ್ಮದಿಯಾಗಿರುತ್ತಿದ್ದೆ. ಆದರೆ ಬಾಯಿ ಸುಮ್ಮನಿರಬೇಕಲ್ಲ! ವೆಬ್‌ಸೈಟ್ ಮಾಡಿದರೆ ಸಾಲದು ಮಾವ, ಯಾರಾದರೂ ಸರ್ಚ್ ಮಾಡಿದಾಗ ಮೊದಲನೇ ಪುಟದಲ್ಲಿ ಬರಬೇಕು, ಅದರಲ್ಲೂ ಒಂದನೇ ಜಾಗದಲ್ಲಿ ಬಂದರೇ ಬೆಲೆ, ಎರಡನೇ ಪುಟಕ್ಕೆ ಯಾರೂ ಹೋಗುವುದಿಲ್ಲ, ಹಾಗೆ ಮೇಲಕ್ಕೆ ತರುವ ವಿದ್ಯೆಗೆ ಎಸ್‌ಇಒ ಅಂತಾರೆ ಎಂದೆಲ್ಲ ಪಾಠ ಮಾಡಿದೆ. ಎಷ್ಟಾದರೂ ಮೇಷ್ಟ್ರ ಮಗಳು. ಮಾವ ಕಿವಿಗೊಟ್ಟು ಕೇಳಿದರು. ಆ ದಿನದಿಂದ ಅವರಿಗೆ ಹಿಡಿದ ಗೀಳಿಗೆ ಸಾತನೂರಿನ ಯಾವ ಮಂತ್ರವಾದಿಯ ಹತ್ತಿರವೂ ಮದ್ದಿರಲಿಲ್ಲ.

ಮೊದಲು ಏನಾಯಿತೆಂದರೆ, ದಿನಾ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ತಮ್ಮದೇ ಫೋನಿನಲ್ಲಿ ತಮ್ಮನ್ನೇ ಹುಡುಕತೊಡಗಿದರು. ದಿನಾ ತಾವೇ ಮೊದಲು! "ಒಂದನೇ ಜಾಗ ಬಂದ್ಬುಟ್ತು ಕಣಮ್ಮಿ!" ಎಂದು ಫೋನ್ ಮಾಡಿ ಕೂಗಿದರು. ನಾನು ಉರಿ ತಡೆಯಲಾರದೆ ನಿಜ ಹೇಳಿದೆ. ನೀವು ದಿನಾ ಅದನ್ನೇ ನೋಡುತ್ತೀರಿ, ಅದಕ್ಕೇ ನಿಮ್ಮ ಫೋನು ನಿಮಗೆ ಅದನ್ನೇ ತೋರಿಸುತ್ತದೆ, ಯಜಮಾನರ ಮುಖಸ್ತುತಿ ಮಾಡುತ್ತದೆ, ಬೇರೆಯವರ ಫೋನಿನಲ್ಲಿ ನೋಡಿದರೆ ಬಣ್ಣ ಬಯಲಾಗುತ್ತದೆ ಎಂದೆ.

ಅಯ್ಯೋ, ಯಾಕಾದರೂ ಹೇಳಿದೆನೋ! ಮಾವ ಬೇರೆಯವರ ಫೋನಿನಲ್ಲಿ ನೋಡತೊಡಗಿದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಫೋನು, ಮುಂದಿನ ಸೀಟಿನವರ ಫೋನು, ಡ್ರೈವರ್ ಚಹಾ ಕುಡಿಯಲು ಇಳಿದಾಗ ಡ್ರೈವರ್ ಫೋನು. "ಒಸಿ ನಿಮ್ ಫೋನ್ ಕೊಡಿ ಸ್ವಾಮಿ, ನಾನು ಎಷ್ಟ್ನೇಯವ್ನು ಅಂತ ನೋಡ್ಬುಡ್ತೀನಿ." ಹೀಗೆ ಯಾರಾದರೂ ಕೇಳಿದರೆ ನೀವು ಏನೆಂದುಕೊಳ್ಳುತ್ತೀರಿ? ರಾಮನಗರದಲ್ಲಿ ಒಬ್ಬ ಕಾಲೇಜು ಹುಡುಗಿ, ಈ ಅಜ್ಜನಿಗೆ ಮರೆವಿನ ಕಾಯಿಲೆ, ತನ್ನ ಗುರುತೇ ಮರೆತುಹೋಗಿದೆ ಎಂದುಕೊಂಡು ಕೈಹಿಡಿದು ಬಸ್ ಸ್ಟ್ಯಾಂಡಿನ ಪೊಲೀಸ್ ಚೌಕಿಗೆ ಕರೆದುಕೊಂಡು ಹೋದಳಂತೆ. ಮಾವ ಬೇಸರಪಟ್ಟುಕೊಳ್ಳಲಿಲ್ಲ. ಅಲ್ಲಿದ್ದ ಪೊಲೀಸಿನವರ ಫೋನಿನಲ್ಲೂ ನೋಡಿಕೊಂಡು ಬಂದರು. ಅದರಲ್ಲಿ ನಾಲ್ಕನೇ ಪುಟವಂತೆ.

"ನಾಕ್ನೇ ಪುಟ ಅಂದ್ರೆ ಸುಡುಗಾಡಿನ ದಾರಿ ಕಣಮ್ಮಿ. ಮುಂದಕ್ಕೆ ಬರದು ಎಂಗೆ, ಯೋಳು."

ಆಗ ನಾನು ಇನ್ನೊಂದು ತಪ್ಪು ಮಾಡಿದೆ. ಬೇರೆ ವೆಬ್‌ಸೈಟಿನವರು ತಮ್ಮ ಪುಟದಲ್ಲಿ ನಮ್ಮ ಹೆಸರು ಹಾಕಿ ನಮ್ಮ ಪುಟಕ್ಕೆ ದಾರಿ ಕೊಟ್ಟರೆ, ಓಹೋ ಇವರು ನಾಲ್ಕು ಜನಕ್ಕೆ ಬೇಕಾದವರು ಎಂದು ಸರ್ಚು ನಮ್ಮನ್ನು ಮೇಲೆ ಕೂರಿಸುತ್ತದೆ. ಇದಕ್ಕೆ ಬ್ಯಾಕ್‌ಲಿಂಕ್ ಎನ್ನುತ್ತಾರೆ ಎಂದೆ.

ಮಾವ ತೊಡೆ ತಟ್ಟಿಕೊಂಡು ಎದ್ದು ನಿಂತರು. "ಲೇ ಅಮ್ಮಿ, ಇದು ಮುಯ್ಯಾಳು!"

ಮುಯ್ಯಾಳು ನಮ್ಮ ಕಡೆಯ ಪದ್ಧತಿ. ಇವತ್ತು ನಿಮ್ಮ ಹೊಲದ ಕಳೆಗೆ ನಾನು ಬರುತ್ತೇನೆ, ನಾಳೆ ನನ್ನ ಹೊಲದ ಕಳೆಗೆ ನೀವು ಬನ್ನಿ. ಕೂಲಿ ಇಲ್ಲ. ಎಲ್ಲೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಬಂದ ಆಳಿಗೆ ಪ್ರತಿಯಾಗಿ ಆಳು ಹೋಗದಿದ್ದರೆ ಊರಿನಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ನಾನು ಬ್ಯಾಕ್‌ಲಿಂಕನ್ನು ಮೂರು ವಾರ ವಿಡಿಯೋ ನೋಡಿ ಕಲಿತಿದ್ದೆ. ಮಾವ ಅದನ್ನು ಒಂದು ಉಸಿರಿನಲ್ಲಿ ಕಲಿತು, ಬಸ್ ಹಿಡಿದು ಹೊರಟೇಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ಇಂಟರ್ನೆಟ್ ಪ್ರದಕ್ಷಿಣೆ! ಲೋಕದಲ್ಲೆಲ್ಲ ಜನ ಕೂತಲ್ಲೇ ಕೂತು ಈಮೇಲ್ ಕಳಿಸಿ ಕೇಳುವ ಲಿಂಕನ್ನು ನಮ್ಮ ಮಾವ ಒಬ್ಬೊಬ್ಬರ ಅಂಗಡಿಗೇ ಹೋಗಿ, ಎದುರಿಗೆ ಕೂತು ಕೇಳುತ್ತಿದ್ದರು. ಸೋಮವಾರ ಚನ್ನಪಟ್ಟಣದ ಬೋರ್‌ವೆಲ್ಲಿನವರು, ಬುಧವಾರ ರಾಮನಗರದ ಮಿಲ್ಟ್ರಿ ಹೋಟೆಲು, ಶುಕ್ರವಾರ ಮಾಗಡಿಯ ಬ್ಯಾಂಡ್‌ಸೆಟ್ಟು. ವಾಪಸು ಹೋಗುವಾಗ ನನ್ನ ಅಂಗಡಿಗೆ ಬಂದು ಕೂರುವರು. ಒಂದು ದಿನ ಮೈಯೆಲ್ಲ ಈರುಳ್ಳಿ ನಾತ, ಕಣ್ಣು ಕೆಂಪು. ಇನ್ನೊಂದು ದಿನ ಹೆಗಲ ಮೇಲೆ ಬಾಸುಂಡೆ. ಮತ್ತೊಂದು ದಿನ ಎಡಗೆನ್ನೆ ಬೋಂಡದ ಹಾಗೆ ಊದಿ, ಮಾತು ಹೊರಡದೆ ಕೈಸನ್ನೆ. ಕನಕಪುರದ ಹಲ್ಲು ಡಾಕ್ಟರ ಬಳಿ ಲಿಂಕ್ ಕೇಳಲು ಹೋಗಿ ಹಲ್ಲು ಕೀಳಿಸಿಕೊಂಡು ಬಂದಿದ್ದರು!

"ಲಿಂಕಿಗೆ ಹೋದವರು ಹಲ್ಲು ಯಾಕೆ ಕೊಟ್ಟು ಬಂದ್ರಿ?" ಎಂದು ಹೊಟ್ಟೆ ಹಿಡಿದು ನಕ್ಕೆ.

ಮಾವ ಬಾಯಲ್ಲಿದ್ದ ಹತ್ತಿ ತೆಗೆದು, "ಬರೀ ಕೈಯಲ್ಲಿ ಕೇಳಕಾಯ್ತದಾ?" ಎಂದು ಮತ್ತೆ ಹತ್ತಿ ಇಟ್ಟುಕೊಂಡರು.

ಅವರ ಪುಟದ ಗತಿ ಕೇಳಬೇಡಿ. ಮುಯ್ಯಿ ತೀರಿಸಬೇಕಲ್ಲ, ಇವರೆಲ್ಲರ ಹೆಸರೂ ಚಂದ್ರಿಕೆಯ ಪುಟದಲ್ಲಿ ಬರಬೇಕೆಂದು ಹಟ ಹಿಡಿದರು. ಅದೂ ಚಂದ್ರಿಕೆಗಿಂತ ಮೇಲೆ, ಯಾಕೆಂದರೆ ಬಂದ ಆಳಿಗೆ ಮೊದಲು ಊಟ ಬಡಿಸಬೇಕು! ಹುಳ ಹಣ್ಣಾಗಿ ತಲೆಕೆಟ್ಟ ರೈತ ಚಂದ್ರಿಕೆ ಹುಡುಕಿ ಪುಟ ತೆರೆದರೆ ಮೊದಲು ಹಲ್ಲು, ಆಮೇಲೆ ಬ್ಯಾಂಡು, ಆಮೇಲೆ ಬೋಟಿ ಗೊಜ್ಜು. ಬೈರಮಂಗಲದಿಂದ ಬಂದವನೊಬ್ಬ ಅರಳೀಕಟ್ಟೆಯಲ್ಲಿ ಇಳಿದು ಚಂದ್ರಿಕೆ ಕೇಳುವ ಬದಲು, "ಬ್ಯಾಂಡ್‌ಸೆಟ್ನೋರ ಮನೆ ಯಾವುದು?" ಎಂದು ಕೇಳಿದನಂತೆ. ಇಷ್ಟೆಲ್ಲ ಮಾಡಿಯೂ ಮಾವನ ಪುಟ ಮೂರನೇ ಪುಟದಿಂದ ಮುಂದಕ್ಕೆ ಬರಲೇ ಇಲ್ಲ. ನನಗೆ ಆಶ್ಚರ್ಯ. ಇಷ್ಟು ಜನ ಲಿಂಕ್ ಕೊಟ್ಟಿದ್ದರೆ ಈ ಹೊತ್ತಿಗೆ ಒಂದನೇ ಜಾಗ ಸಿಗಬೇಕಿತ್ತಲ್ಲ?

ಆದರೆ ಅದನ್ನು ಬಗೆದು ನೋಡುವ ಪುರುಸೊತ್ತು ನನಗಿರಲಿಲ್ಲ. ಯಾಕೆ ಗೊತ್ತೆ? ನನ್ನ ಅದೃಷ್ಟ ಖುಲಾಯಿಸಿತ್ತು! ಒಂದು ಬೆಳಿಗ್ಗೆ ಬೋರ್‌ವೆಲ್ಲಿನವರು ತಾವಾಗಿ ಮೆಟ್ಟಿಲು ಹತ್ತಿ ಬಂದು, ವೆಬ್‌ಸೈಟ್ ಬೇಕು ಎಂದರು. ವಾರ ಕಳೆಯುವಷ್ಟರಲ್ಲಿ ಬ್ಯಾಂಡ್‌ಸೆಟ್ಟಿನ ಮಾಲೀಕರು. ಆಮೇಲೆ ಮಿಲ್ಟ್ರಿ ಹೋಟೆಲ್ಲಿನವರು. ಇವರೆಲ್ಲ ಮಾವ ಸುತ್ತುವ ಕಡೆಯವರೇ, ವೆಬ್‌ಸೈಟೇ ಇಲ್ಲದವರ ಬಳಿ ಮಾವ ಅದ್ಯಾವ ಲಿಂಕ್ ಕೇಳಿದರು ಎಂದು ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ನಮ್ಮ ಮಾವ ಹೇಳಿದರಾ ಎಂದು ಕೇಳಿದೆ. "ಯಾವ ಮಾವ? ನೆಟ್ಟಲ್ಲಿ ನೋಡ್ಕೊಂಡ್ ಬಂದೊ" ಎಂದು ಮೂವರೂ ಒಂದೇ ಮಾತು, ಒಂದೇ ರಾಗ ಹೇಳಿದರು. ನಂಬಿದೆ. ನಮ್ಮನ್ನು ಹೊಗಳುವ ಸುಳ್ಳನ್ನು ನಂಬುವುದಕ್ಕೆ ಹೊತ್ತು ಬೇಕೆ? ನನ್ನ ಎಸ್‌ಇಒ ಫಲ ಕೊಟ್ಟಿದೆ ಎಂದು ಅಪ್ಪನ ಮುಂದೆ ಬೀಗಿದೆ. ಶಿವರಾತ್ರಿಯ ಹೊತ್ತಿಗೆ ಗಿರಾಕಿ ಒಂಬತ್ತು!

ಮಾವನಿಗೂ ಉಪದೇಶ ಮಾಡಿದೆ, ಬಿಡಲಿಲ್ಲ. "ನೋಡಿ ಮಾವ, ಕೂತ ಕಡೆ ಗಿರಾಕಿ ಕರೆಸೋದು ಅಂದ್ರೆ ಇದು. ನೀವು ಊರೂರು ಸುತ್ತಿ ಏನು ಗುಡ್ಡೆ ಹಾಕಿದ್ರಿ?"

"ಹೂ ಕಣಮ್ಮಿ. ನೀನು ಓದಿರೋಳು" ಎಂದು ಮಾವ ಹುರುಳಿ ಚೀಲವನ್ನು ಇನ್ನೊಂದು ಮೂಲೆಗೆ ಸರಿಸಿದರು.

ಇನ್ನೊಬ್ಬರು ಸಿಕ್ಕಿದರೆ ಹತ್ತು. ಮಾಗಡಿಯ ಅಕ್ಕಿ ಗಿರಣಿಯವರು ಸೋಮವಾರ ಬಂದು ಮಾತು ಮುಗಿಸುತ್ತೇನೆಂದಿದ್ದರು. ಸೋಮವಾರ ಅವರು ಬರಲಿಲ್ಲ, ಫೋನ್ ಬಂತು. "ಬ್ಯಾಡ ಬುಡಮ್ಮ. ನಿಮ್ ಅಂಗ್ಡಿ ಬಗ್ಗೆ ನೆಟ್ಟಲ್ಲಿ ನೋಡ್ದೆ. ಮೂವತ್ತೊಂದು ಜನ ಒಂದೊಂದೇ ಸ್ಟಾರ್ ಕೊಟ್ಟವ್ರಲ್ಲ!"

ನೆಟ್ಟಿನಲ್ಲಿ ನನ್ನ ಅಂಗಡಿಯ ಹೆಸರು ಹುಡುಕಿದೆ. ತೆರೆದು ನೋಡಿದೆ. ನಿಜ! ಐದರಲ್ಲಿ ಒಂದು ಸ್ಟಾರು, ಸಾಲಾಗಿ ಮೂವತ್ತೊಂದು. ಒಂದೊಂದರ ಕೆಳಗೂ ಬರಹ. 'ಚಿನ್ನದಂಥ ಹುಡುಗಿ', ಒಂದು ಸ್ಟಾರು. 'ಇವರ ಕೈಗುಣ ಬಲು ಚೆಂದ, ನಮ್ಮೂರಿನ ಹೆಮ್ಮೆ', ಒಂದು ಸ್ಟಾರು. 'ಮೇಷ್ಟ್ರ ಮಗಳು, ಸುಳ್ಳು ಹೇಳುವುದಿಲ್ಲ', ಒಂದು ಸ್ಟಾರು. 'ನನಗೆ ಕಂಪ್ಯೂಟರ್ ಗೊತ್ತಿಲ್ಲ, ಆದರೂ ಒಳ್ಳೆಯದಾಗಲಿ', ಒಂದು ಸ್ಟಾರು! ಎಲ್ಲ ಹೆಸರೂ ಮಾವನ ಊರಿನವೇ. ಮಾವನ ಚಂದ್ರಿಕೆಗೂ ಹಾಗೇ ಕೊಟ್ಟಿದ್ದರು: 'ಚಂದ್ರಿಕೆ ಗಟ್ಟಿ, ಮನುಷ್ಯ ಒಸಿ ಬೈತಾರೆ', ಒಂದು ಸ್ಟಾರು.

ಆ ಸಂಜೆ ಮಾವ ಏನೂ ಆಗದವರ ಹಾಗೆ ಬಂದು ಕೂತರು. ನಾನು ಉರಿದುಬಿದ್ದೆ.

"ಯಾರು ಹೇಳಿದ್ದು ಮಾವ ಒಂದು ಸ್ಟಾರ್ ಕೊಡಿ ಅಂತ?"

ಅವರ ಮುಖ ಅರಳಿತು. "ನೋಡ್ದಾ? ಮನೆಮನೆಗೂ ಹೋಗಿ ಹೇಳ್ದೆ ಕಣಮ್ಮಿ. ಒಬ್ಬ ಬಡ್ಡಿಮಗ ಐದು ಒತ್ತಕೆ ಹೋಗಿದ್ದ, ಕೈ ಹಿಡ್ಕೊಂಡು ಒಂದು ಒತ್ತಿಸ್ದೆ. ಇಸ್ಕೂಲಲ್ಲಿ ಒಂದ್ನೇ ರ‍್ಯಾಂಕ್ ಬಂದೋನು ದೊಡ್ಡೋನಾ, ಐದ್ನೇ ರ‍್ಯಾಂಕ್ ಬಂದೋನಾ? ಒಂದ್ನೇ ಜಾಗಕ್ಕೇ ಬೆಲೆ ಅಂತ ನೀನೇ ಅಲ್ವಾ ಯೋಳಿದ್ದು?"

ಇವತ್ತಾದರೆ ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಯುಗಾದಿಗೆ ಒಂದು ತಿಂಗಳು ಉಳಿದಿತ್ತು. "ಒಂದು ಅಂದ್ರೆ ಎಲ್ಲಕ್ಕಿಂತ ಕೀಳು ಮಾವ! ನನ್ನ ಹತ್ತನೇ ಗಿರಾಕಿ ಹೋದ. ನಾನು ಅಂಗಡಿ ಮುಚ್ಚಬೇಕಾದರೆ ಅದು ನಿಮ್ಮಿಂದ. ದಯವಿಟ್ಟು ಈ ಕಡೆ ಬರಬೇಡಿ" ಎಂದುಬಿಟ್ಟೆ. ಹಿರಿಯರಿಗೆ ಆಡಬಾರದ ಮಾತು. ಆಡಿಬಿಟ್ಟೆ.

ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಮೆಟ್ಟಿಲ ಹತ್ತಿರ ಒಂದು ಸಲ ನಿಂತು, "ಐದಾ?" ಎಂದು ಕೇಳಿದರು. ಹೂ ಎಂದೆ. ಇಳಿದು ಹೋದರು.

ಮೂರು ವಾರ ಮಾವ ಬರಲಿಲ್ಲ, ಫೋನೂ ಇಲ್ಲ. "ಏನೇ ಅಂದೆ ನಮ್ಮಣ್ಣಂಗೆ?" ಎಂದು ಅಮ್ಮ ದಿನಕ್ಕೆರಡು ಸಲ ಕೇಳಿದಳು. ನಾನು ಹಟದಲ್ಲಿ, ಅಂಗಡಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದೆ. ಆದರೆ ಮೂಲೆಯ ಹುರುಳಿ ಚೀಲ ಕಣ್ಣಿಗೆ ಬಿದ್ದಾಗಲೆಲ್ಲ ಫೋನು ಎತ್ತಿ, ಮಾವನ ನಂಬರ್ ತೆಗೆದು, ಮತ್ತೆ ಕೆಳಗಿಡುತ್ತಿದ್ದೆ. ಜೆರಾಕ್ಸ್ ಕೇಳಿ ಬಂದವರಿಗೂ ಸಿಡುಕುತ್ತಿದ್ದೆ.

ಯುಗಾದಿಗೆ ಒಂದು ವಾರವಿದೆ ಎನ್ನುವಾಗ ಮಾಗಡಿಯ ಬ್ಯಾಂಡ್‌ಸೆಟ್ಟಿನ ಮಾಲೀಕರು ಇನ್ನೊಬ್ಬರ ಜೊತೆ ಮೆಟ್ಟಿಲು ಹತ್ತಿ ಬಂದರು. "ಇವ್ನು ನಮ್ ಬಾಮೈದ. ಶಾಮಿಯಾನ ಅಂಗ್ಡಿ ಐತೆ. ಇವ್ನಿಗೂ ಒಂದು ಮಾಡ್ಕೊಡಿ."

ಹತ್ತು! ಕುರ್ಚಿಯಿಂದ ಎಗರಿ ಬೀಳುವುದೊಂದು ಬಾಕಿ. ಆದರೂ ಬಿಗುಮಾನ ಬಿಡದೆ, ನನ್ನ ಸ್ಟಾರು ನೋಡಿಯೂ ಬಂದಿರಾ ಎಂದು ಕೇಳಿದೆ. ಅವತ್ತಿನಿಂದ ನಾನಂತೂ ಆ ಸ್ಟಾರುಗಳತ್ತ ತಿರುಗಿಯೂ ನೋಡಿರಲಿಲ್ಲ.

"ಸ್ಟಾರಿಗೇನಾಗೈತೆ? ಚೆನ್ನಾಗೇ ಐತಲ್ಲ" ಎಂದು ಅವರು ತಮ್ಮ ಫೋನು ತೆಗೆದು 'ಕನಕಪುರದಲ್ಲಿ ವೆಬ್‌ಸೈಟ್ ಮಾಡೋರು' ಎಂದು ಫೋನಿಗೆ ಹೇಳಿ, ನನ್ನ ಕೈಗಿಟ್ಟರು. ನನ್ನ ಫೋನಲ್ಲ, ನೆನಪಿಡಿ. ನನ್ನ ಮುಖಸ್ತುತಿ ಮಾಡುವ ಹಂಗು ಅದಕ್ಕಿರಲಿಲ್ಲ. ಒಂದನೇ ಪುಟ, ಒಂದನೇ ಜಾಗ, ನನ್ನ ಅಂಗಡಿ! ಮೂವತ್ತೊಂದು ಜನರ ಸ್ಟಾರೂ ಐದಾಗಿತ್ತು. ಒಂದೊಂದರ ಕೆಳಗೂ ಹೊಸ ಸಾಲು: 'ಮೊದಲು ಒಂದು ಕೊಟ್ಟಿದ್ದೆವು. ತಿಳಿಯದೆ ಆದ ತಪ್ಪು. ಹುಡುಗಿ ಮನ್ನಿಸಬೇಕು.' ಮೂರು ವಾರ ಮಾವ ಎಲ್ಲಿ ಹೋಗಿದ್ದರು ಎಂದು ಆಗ ಗೊತ್ತಾಯಿತು. ಮನೆಮನೆಗೂ ಹೋಗಿ ಒತ್ತಿಸಿದ್ದನ್ನು ಮನೆಮನೆಗೂ ಹೋಗಿ ತಿದ್ದಿಸಿದ್ದರು.

"ನಮ್ಮ ಮಾವ ಹೇಳಿ ಕಳಿಸಿದ್ದಾ ನಿಮ್ಮನ್ನ?" ಎಂದು ಕೇಳಿದೆ.

ಬ್ಯಾಂಡಿನವರು ಬಾಮೈದನ ಮುಖ ನೋಡಿದರು. ಆಮೇಲೆ ಬಾಯಿಬಿಟ್ಟರು. "ಯೋಳ್ಬಾರ್ದು ಅಂತ ಆಣೆ ಹಾಕ್ಸವ್ರೆ. ನಾನು ಬಾಯ್ ಬುಟ್ಟೆ ಅಂತ ಅನ್ಬೇಡಿ. ಮೂರು ದಿನ ಬಂದು ಅಂಗ್ಡಿ ಮುಂದೆ ಕೂತ್ರು. ಮೂರನೇ ದಿನ ನಮ್ಮಲ್ಲಿ ಒಬ್ಬ ಕೈ ಕೊಟ್ಟಿದ್ದ, ಅವತ್ತು ಮದುವೆ. ದೊಡ್ಡ ಡ್ರಮ್ಮು ತಾವೇ ಹೊತ್ಕೊಂಡು ಛತ್ರದವರ್ಗೂ ಬಂದ್ರು! ಏನು ಕೊಡ್ಲಿ ಯಜಮಾನ್ರೇ ಅಂದ್ರೆ, ಏನೂ ಬ್ಯಾಡ, ನಮ್ ಹುಡ್ಗಿ ತಾವು ಒಂದು ವೆಬ್‌ಸೈಟ್ ಮಾಡಿಸ್ಕೊಳಿ ಅಂದ್ರು. ಆ ರಾಮನಗರದ ಹೋಟ್ಲಲ್ಲಿ ಎರಡು ಮೂಟೆ ಈರುಳ್ಳಿ ಹೆಚ್ಕೊಟ್ಟವ್ರಂತೆ."

ನಾನು ಹಲ್ಲು ಡಾಕ್ಟರ ಪುಟ ತೆರೆದೆ. ಅದು ಬೇರೆ ಯಾರೋ ಮಾಡಿಕೊಟ್ಟ ಹಳೆಯ ಪುಟ. ಅದರಲ್ಲಿ ಚಂದ್ರಿಕೆಯ ಸುದ್ದಿಯೇ ಇರಲಿಲ್ಲ. ಕೊನೆಯಲ್ಲಿ ಒಂದೇ ಸಾಲು: 'ವೆಬ್‌ಸೈಟ್ ಬೇಕಾದವರು ಕನಕಪುರ ಬಸ್ ಸ್ಟ್ಯಾಂಡ್ ಹತ್ತಿರ ಇವರನ್ನು ಕೇಳಿ.' ಕೆಳಗೆ ನನ್ನ ಅಂಗಡಿಯ ಹೆಸರು. ಮಾವ ಹೋಗಿ ಬಂದಿದ್ದವರ, ನಾನು ಮಾಡಿರದ ಇನ್ನೂ ಏಳೆಂಟು ಪುಟ ಹುಡುಕಿದೆ. ಎಲ್ಲ ಕಡೆ ಅದೇ ಸಾಲು. ಮಾವ ಒಬ್ಬರ ಬಳಿಯೂ ತಮಗಾಗಿ ಲಿಂಕ್ ಕೇಳಿರಲಿಲ್ಲ! ಅವರ ಪುಟ ಯಾಕೆ ಮುಂದಕ್ಕೆ ಬರಲಿಲ್ಲ ಎಂದು ತಜ್ಞೆಗೆ ಈಗ ಅರ್ಥವಾಯಿತು. ನನ್ನ ಎಸ್‌ಇಒ ಚಳಕವೂ ಏನೆಂದು ಅರ್ಥವಾಯಿತು. ಅದಕ್ಕೊಂದು ಹಲ್ಲು ಕಡಿಮೆ ಇತ್ತು.

ಮರುದಿನ ಅಂಗಡಿಗೆ ಬೀಗ ಹಾಕಿ ಸಾತನೂರು ಬಸ್ಸು ಹತ್ತಿದೆ. ಮಾವನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರದೇ ಹುಳ ಹಣ್ಣಾಗಿತ್ತು. ಅತ್ತೆ, ನೆರೆಯವರು ಎಲ್ಲ ಸಾಲಾಗಿ ಕೂತು ಹುಳ ಆರಿಸುತ್ತಿದ್ದರು. ಮಾವ ತಲೆ ಎತ್ತದೆ, "ಬಂದಾ? ಕೈ ತೊಳ್ಕೊಂಡು ಕೂತ್ಕೊ. ಹುಳ ಕಾಯಕಿಲ್ಲ" ಎಂದರು. ಕೂತೆ. ಬೆರಳಿಗೆ ತಣ್ಣಗೆ, ಮೆತ್ತಗೆ ತಾಕುವ, ಹಳದಿಯಾಗಿ ಹೊಳೆಯುವ ಹುಳ. ಒಂದೊಂದನ್ನೇ ಎತ್ತಿ ಚಂದ್ರಿಕೆಗೆ ಬಿಟ್ಟೆ. ತಪ್ಪಾಯ್ತು ಮಾವ ಎನ್ನಬೇಕೆಂದು ದಾರಿಯುದ್ದ ಅಂದುಕೊಂಡು ಬಂದಿದ್ದೆ. ಬಾಯಿಂದ ಬಂದದ್ದು ಬೇರೆ.

"ನನಗೋಸ್ಕರ ಹಲ್ಲು ಯಾಕೆ ಕೀಳಿಸಿಕೊಂಡ್ರಿ ಮಾವ?"

"ಅದು ಎಂಗೂ ಅಲ್ಲಾಡ್ತಿತ್ತು, ಬುಡು."

"ಚಂದ್ರಿಕೆಗೆ ವೆಬ್‌ಸೈಟೂ ಬೇಕಿರಲಿಲ್ಲ ಅಲ್ವಾ?"

"ನನ್ ಚಂದ್ರಿಕೆಗೆ ಯಾವತ್ತು ಜನ ಕಮ್ಮಿಯಾಗವ್ರೆ? ಮೊದ್ಲು ಯಾರಾದ್ರೂ ಒಬ್ರು ಬೋಣಿ ಮಾಡ್ಬೇಕಿತ್ತು. ಮಾಡ್ದೆ." ಕೈಯಲ್ಲಿದ್ದ ಹುಳವನ್ನು ಬಿಟ್ಟು ಮಾವ ನನ್ನ ಕಡೆ ತಿರುಗಿದರು. "ಇಪ್ಪತ್ತಾರು ವರ್ಸದ ಹಿಂದೆ, ನಿಮ್ಮತ್ತೆ ಹೆರಿಗೆಗೆ ಆಸ್ಪತ್ರೆ ಸೇರವ್ಳೆ. ನಾನೊಬ್ನೇ. ಮನೆ ತುಂಬ ಹುಳ, ಎಲ್ಲಾ ಒಂದೇ ದಿನ ಹಣ್ಣಾಗ್ಬುಡ್ತು. ಊರೋರಿಗೂ ಅವರವರ ಹುಳ, ಯಾರ್ ಬತ್ತಾರೆ? ನಿಮ್ಮವ್ವಂಗೆ ಏಳು ತಿಂಗ್ಳು. ಬ್ಯಾಡ ಕಣೆ ಅಂದ್ರೂ ಕೇಳ್ದೆ ಬಸ್ ಹತ್ಕೊಂಡು ಬಂದು, ಇಲ್ಲೇ, ನೀನು ಈಗ ಕೂತಿದ್ದೀಯಲ್ಲ, ಅಲ್ಲೇ ಕೂತು ಎರಡು ದಿನ ಹುಳ ಆರಿಸ್ದಳು. ಬೆಳೆ ಉಳೀತು. ಆ ಮುಯ್ಯಿ ತೀರ್ಸದು ಎಲ್ಲಿ? ಅವಳು ಮೇಷ್ಟ್ರ ಕೈಹಿಡಿದು ಪೇಟೆ ಸೇರ್ಕೊಂಡಿದ್ಳು. ಹೊಲ ಇಲ್ಲ, ಹುಳ ಇಲ್ಲ. ಆಳಾಗಿ ಹೋಗಾನ ಅಂದ್ರೆ ಹೋಗಕೆ ಜಾಗ್ವೇ ಇಲ್ಲ. ಕೊನೆಗೆ ನೀನು ಅಂಗ್ಡಿ ಮಡಗ್ದೆ. ಸದ್ಯ, ನಿಮ್ ಮನೆಗೂ ಒಂದು ಹೊಲ ಆಯ್ತಲ್ಲ ಅಂದ್ಕೊಂಡೆ."

ನನಗೆ ಅಳು ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಹುಳ ತುಂಬಿದ್ದರಿಂದ ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಅತ್ತೆ ತನ್ನ ಸೆರಗಿನಲ್ಲಿ ಒರೆಸಿದಳು.

"ಹತ್ತು ಜನ ಆದ್ರು ಮಾವ. ಇನ್ನು ಅಂಗಡಿ ಮುಚ್ಚಲ್ಲ. ನಿಮ್ಮ ಮುಯ್ಯಿ ತೀರ್ತು" ಎಂದೆ.

"ಎಲ್ ತೀರ್ತು?" ಎಂದರು ಮಾವ. ಹಲ್ಲಿಲ್ಲದ ಕಡೆಯಿಂದ ನಗು ಇಣುಕಿತು. "ಅವತ್ತು ಬಂದಿದ್ದು ಒಂದಾಳಲ್ಲ ಕಣಮ್ಮಿ, ಎರಡಾಳು. ನೀನೂ ಇದ್ದೆ ಹೊಟ್ಟೇಲಿ. ಈಗ ಒಂದಾಳು ತೀರೈತೆ. ನಾಳಿಕೆ ತಿಪ್ಪಸಂದ್ರಕ್ಕೆ ಹೋಯ್ತೀನಿ. ಅಲ್ಲೊಬ್ಬ ನಾಟಿಕೋಳಿ ಸಾಕವ್ನೆ, ಅವ್ನಿಗಿನ್ನೂ ವೆಬ್‌ಸೈಟ್ ಇಲ್ವಂತೆ."